‘ಸಿಲ್ಲಿ’ ಅಂದ್ರೆ ಒಂದು ಕಾಲಕ್ಕೆ ಪುಣ್ಯವಂತ!

ನಮಸ್ಕಾರ. ಕ್ರಿಕೆಟ್‌ನಲ್ಲಿ ಬ್ಯಾಟರ್ ಪಕ್ಕದಲ್ಲೇ ಒಬ್ಬ ಫೀಲ್ಡರ್ ಹೆಲ್ಮೆಟ್ ಹಾಕ್ಕೊಂಡು ಬಗ್ಗಿ ನಿಂತಿರ್ತಾನಲ್ಲ, ಆ ಜಾಗಕ್ಕೆ ಸಿಲ್ಲಿ ಪಾಯಿಂಟ್ ಅಂತ ಯಾಕೆ ಹೆಸರು ಅಂತ ಹಲವರು ಕೇಳಿದ್ರಿ. ಅಷ್ಟು ಹತ್ತಿರ ನಿಲ್ಲೋದು ಹುಚ್ಚು ಸಾಹಸ, ಅದಕ್ಕೇ ಸಿಲ್ಲಿ. ಇಷ್ಟೇ ಉತ್ತರ. ಆದ್ರೆ ಆ ಪದದ ಬೇರು ಹುಡುಕ್ತಾ ಹೋದ್ರೆ ಸಿಗೋದು ಬೇರೆಯದೇ ಲೋಕ.

ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ಇದನ್ನ ‘ಗೆಸ್ಯಾಲಿಗ್’ ಅಂತ ಬರೀತಿದ್ರು. ಅರ್ಥ: ಸುಖವಾಗಿರೋನು, ಪುಣ್ಯವಂತ. ದಡ್ಡತನದ ಸುಳಿವೇ ಇಲ್ಲ!

[ತೆರೆಯ ಮೇಲೆ: ಜರ್ಮನ್ ಬೈಬಲ್‌ನ ಪುಟ]

ನನಗೆ ತುಂಬಾ ಇಷ್ಟವಾದ ಭಾಗ ಇದು. ಇದೇ ಬೇರಿನ ಜರ್ಮನ್ ಪದ ‘ಜೇಲಿಗ್’ ಇವತ್ತಿಗೂ ಪವಿತ್ರವಾಗೇ ಉಳಿದಿದೆ. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಅನುವಾದಿಸಿದ ಬೈಬಲ್‌ನಲ್ಲಿ, ಯೇಸುವಿನ ಪರ್ವತ ಪ್ರಸಂಗದ ‘ಧನ್ಯರು’ ಅನ್ನೋ ಸಾಲುಗಳು ಶುರುವಾಗೋದೇ ಈ ಪದದಿಂದ. ಕ್ಯಾಥೊಲಿಕ್ ಚರ್ಚ್ ಒಬ್ಬರನ್ನ ಸಂತ ಪದವಿಗಿಂತ ಒಂದು ಮೆಟ್ಟಿಲು ಕೆಳಗೆ, ಪುಣ್ಯಾತ್ಮ ಅಂತ ಘೋಷಿಸುತ್ತಲ್ಲ? ಜರ್ಮನ್ನರು ಅವರನ್ನೂ ‘ಜೇಲಿಗ್’ ಅಂತಾರೆ. ತೀರಿಹೋದ ಹಿರಿಯರ ಹೆಸರಿಗೂ ಗೌರವದಿಂದ ಇದನ್ನೇ ಸೇರಿಸೋ ರೂಢಿ ಇದೆ. ಅಕ್ಕತಂಗಿಯರಂಥ ಎರಡು ಪದ. ಒಂದು ಗುಡಿ ಸೇರ್ತು, ಇನ್ನೊಂದು ಬೈಗುಳದ ಪಟ್ಟಿ!

ಇಂಗ್ಲಿಷ್‌ನಲ್ಲಿ ಅದು ಒಂದೇ ಏಟಿಗೆ ಬೀಳಲಿಲ್ಲ. ಪುಣ್ಯವಂತ ಅಂದ್ರೆ ಕಪಟ ಅರಿಯದವನು. ಕಪಟ ಅರಿಯದವನಿಗೆ ಮೋಸ ಮಾಡೋದು ಸುಲಭ, ಹಾಗಾಗಿ ‘ಅಯ್ಯೋ ಪಾಪ’ ಅನ್ನಿಸ್ಕೊಳ್ಳೋನು. ಆಮೇಲೆ ದುರ್ಬಲ, ಕೊನೆಗೆ ದಡ್ಡ. ಶೇಕ್ಸ್‌ಪಿಯರ್‌ನ ‘ದ ಟು ಜಂಟಲ್‌ಮೆನ್ ಆಫ್ ವೆರೋನಾ’ ನಾಟಕದಲ್ಲಿ ವ್ಯಾಲೆಂಟೈನ್ ಡಕಾಯಿತರಿಗೆ ನಾಯಕನಾಗೋಕೆ ಒಂದು ಷರತ್ತು ಹಾಕ್ತಾನೆ: ‘ಸಿಲ್ಲಿ’ ಹೆಂಗಸರ ಮೇಲೆ, ಬಡ ದಾರಿಹೋಕರ ಮೇಲೆ ಕೈ ಮಾಡಬಾರದು. ಇವತ್ತಿನ ಕಿವಿಗೆ ಇದು ಹೆಂಗಸರನ್ನ ಹಳಿದ ಹಾಗೆ ಕೇಳಿಸುತ್ತೆ. ಅವನು ಹೇಳ್ತಿರೋದು ಅಸಹಾಯಕ ಹೆಂಗಸರು ಅಂತ. ಈ ಒಂದು ಪದ ತಪ್ಪಿ ಓದಿದ್ರೆ ಆ ಪಾತ್ರಕ್ಕೇ ಅನ್ಯಾಯ. ಹಳೇ ಪಠ್ಯ ಓದೋವಾಗ ಪರಿಚಿತ ಪದಗಳ ಮೇಲೇ ಹೆಚ್ಚು ಅನುಮಾನ ಇರಬೇಕು ಅಂತ ನಾನು ಹೇಳೋದು ಇದಕ್ಕೇ.

ಸಮಯ ಕಮ್ಮಿ ಇದೆ, ‘ನೈಸ್’ ಬಗ್ಗೆ ಬೇಗ ಹೇಳ್ತೀನಿ. ಅದು ಉಲ್ಟಾ ದಾರಿ ಹಿಡಿದ ಪದ. ಲ್ಯಾಟಿನ್‌ನ ‘ನೆಸ್ಕಿಯುಸ್’, ಅಂದ್ರೆ ಏನೂ ಅರಿಯದವನು. ಅದರೊಳಗಿನ ‘ಅರಿ’ ಅನ್ನೋ ಅರ್ಥದ ಧಾತುವಿನಿಂದಲೇ ‘ಸೈನ್ಸ್’ ಕೂಡ ಹುಟ್ಟಿದ್ದು. ಫ್ರೆಂಚ್ ಮೂಲಕ 1300ರ ಆಸುಪಾಸಿನಲ್ಲಿ ಇಂಗ್ಲಿಷ್‌ಗೆ ಬಂದಾಗ ‘ನೈಸ್’ ಅಂದ್ರೆ ಮೂರ್ಖ. ಮುಂದೆ ಅತಿ ನಾಜೂಕು, ಆಮೇಲೆ ಕರಾರುವಾಕ್ಕು. 18ನೇ ಶತಮಾನದಲ್ಲಿ ‘ಹಿತವಾದದ್ದು’ ಅನ್ನೋ ಅರ್ಥ ಬಂತು.