ಹಿಂದುಳಿದ ಮನೋವ್ಯಾಪಾರವನ್ನು ಬೆಳೆಸುವ ಬಗೆ

ಕೇಳುಗರಿಗೆ ನಮಸ್ಕಾರ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಅವರು 1921ರಲ್ಲಿ ಪ್ರಕಟಿಸಿದ ವ್ಯಕ್ತಿತ್ವ ಸಿದ್ಧಾಂತದಲ್ಲಿ ನಾಲ್ಕು ಮನೋವ್ಯಾಪಾರಗಳನ್ನು, ಅಂದರೆ ಮನಸ್ಸು ಕೆಲಸ ಮಾಡುವ ಬಗೆಗಳನ್ನು, ಗುರುತಿಸಿದರು. ಇಂದ್ರಿಯಾನುಭವ ಮತ್ತು ಅಂತಃಸ್ಫುರಣೆಗಳು ವಿಷಯವನ್ನು ಗ್ರಹಿಸುತ್ತವೆ. ವಿಚಾರ ಮತ್ತು ಭಾವಗಳು ಅದನ್ನು ತೂಗಿ ನೋಡುತ್ತವೆ. ಭಾವವನ್ನು ಅವರು ಉದ್ವೇಗದಿಂದ ಬೇರ್ಪಡಿಸಿ, ಬದುಕಿನಲ್ಲಿ ಯಾವುದು ಅಮೂಲ್ಯವೆಂದು ಬೆಲೆಕಟ್ಟುವ ಶಕ್ತಿಯಾಗಿ ಎಣಿಸಿದ್ದರು. ನಾಲ್ಕೂ ಎಲ್ಲರಲ್ಲಿ ಇರುತ್ತವೆಯಾದರೂ, ಒಂದು ಮುಂದಾಳಾಗಿ ಬೆಳೆಯುತ್ತದೆ, ಮತ್ತೊಂದು ಅದಕ್ಕೆ ನೆರವಾಗುತ್ತದೆ, ಮುಂದಾಳಿಗೆ ನೇರ ವಿರುದ್ಧವಾದದ್ದು ಹಿಂದುಳಿಯುತ್ತದೆ.

ಈ ಹಿಂದುಳಿದ ಮನೋವ್ಯಾಪಾರವು ಮಗುವಿನಂತೆ ನಿಧಾನ, ಬೇಗ ನೋಯುವಂಥದು. ಸದಾ ತರ್ಕವನ್ನೇ ನೆಚ್ಚಿದವರು ದಣಿದು ಸೋತಾಗ, ಯಾರೋ ಆಡಿದ ಸಣ್ಣ ಮಾತಿಗೆ "ನನ್ನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ" ಎಂದು ಸಿಡಿದೇಳುವುದನ್ನು ನೀವು ಕಂಡಿರಬಹುದು. ಬೆಳೆಸದೆ ಬಿಟ್ಟ ಭಾವ ಹೀಗೆ ಹೊರಬೀಳುತ್ತದೆ.

ಅದನ್ನು ಬೆಳೆಸಲು ಹೊರಟವರು ಸಾಮಾನ್ಯವಾಗಿ ತಮ್ಮ ಬಲಿಷ್ಠ ಶಕ್ತಿಯನ್ನೇ ಬಳಸುತ್ತಾರೆ: ವಿಚಾರವಂತರು ತಮ್ಮ ಭಾವನೆಗಳನ್ನು ವಿಂಗಡಿಸಿ, ವಿಶ್ಲೇಷಿಸಿ, ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಮುಂದಾಳಿನಿಂದ ನೇರವಾಗಿ ಹಿಂದುಳಿದದ್ದಕ್ಕೆ ದಾಟಲಾಗದು, ನೆರವಿನ ಮನೋವ್ಯಾಪಾರದ ಮೂಲಕವೇ ಹೋಗಬೇಕು ಎಂಬುದು ಯೂಂಗರ ನಿಲುವು. ಇಡೀ ಸಿದ್ಧಾಂತದಲ್ಲಿ ಅತ್ಯಂತ ಉಪಯುಕ್ತವಾದ ಮಾತು ಇದೇ ಎಂದು ನಾನು ನಂಬಿದ್ದೇನೆ. ವಿಚಾರ ಪ್ರಬಲವಾಗಿದ್ದು ಇಂದ್ರಿಯಾನುಭವ ನೆರವಿಗಿರುವ ಒಬ್ಬರ ಮುಂದೆ ದುಃಖದಲ್ಲಿರುವ ಗೆಳೆಯ ಕುಳಿತಿದ್ದಾನೆನ್ನಿ. ನಾಲಿಗೆಯ ತುದಿಗೆ ಬಂದ ಪರಿಹಾರವನ್ನು ತಡೆದು, ಅವರು ಸುಮ್ಮನೆ ನೋಡಲಿ: ಒಂದು ಹೆಸರು ಬಂದಾಗಲೆಲ್ಲ ಗೆಳೆಯನ ದನಿ ತಡವರಿಸುತ್ತಿದೆ, ಬೆರಳುಗಳು ಕಾಗದದ ಅಂಚನ್ನು ಮತ್ತೆ ಮತ್ತೆ ಮಡಿಸುತ್ತಿವೆ. ಇಷ್ಟನ್ನು ಗಮನಿಸಿ "ಇದನ್ನು ಹೇಳುವುದು ನಿನಗೆ ಕಷ್ಟವಾಗುತ್ತಿದೆಯೇ?" ಎಂದು ಕೇಳಿದರೆ, ಕಣ್ಣು ಕಂಡದ್ದರ ಮೂಲಕವೇ ಭಾವದ ಬಾಗಿಲು ತೆರೆದಂತಾಗುತ್ತದೆ.

ಮುಂದೆ ಅಮೆರಿಕದಲ್ಲಿ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಈ ಚಿಂತನೆಯನ್ನು ಆಧರಿಸಿ, ಜನರನ್ನು ವ್ಯಕ್ತಿತ್ವದ ಮಾದರಿಗಳಾಗಿ ವಿಂಗಡಿಸುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಮತ್ತೆ ಉತ್ತರಿಸಿದಾಗ ಹಲವರ ಮಾದರಿ ಬದಲಾಗುವುದರಿಂದ, ಅನೇಕ ಮನೋವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಅವರ ಆಕ್ಷೇಪಕ್ಕೆ ತೂಕವಿದೆ. ಹಾಗಾಗಿ "ನನ್ನ ಮಾದರಿಯೇ ಹೀಗೆ, ಲೆಕ್ಕಪತ್ರ ನನ್ನಿಂದಾಗದು" ಎಂದು ಕೈಚೆಲ್ಲುವುದಕ್ಕೆ ಈ ಸಿದ್ಧಾಂತ ನೆಪವಾಗಬಾರದು. ನಮ್ಮನ್ನು ನಾವು ಗಮನಿಸಿಕೊಳ್ಳಲು ಅದು ನೆರವಾದರೆ ಸಾಕು.

ಹಿಂದುಳಿದದ್ದು ಮುಂದಾಳಿನ ವೇಗವನ್ನು ಎಂದೂ ಪಡೆಯುವುದಿಲ್ಲವಾದ್ದರಿಂದ, ಗಡುವಿಲ್ಲದ, ಯಾರೂ ಫಲಿತಾಂಶಕ್ಕೆ ಕಾಯದ ಕೆಲಸಗಳಲ್ಲಿ ಅದಕ್ಕೆ ಎಡೆ ಕೊಡಬೇಕು. ಇನ್ನೂ ಒಂದು ಅಭ್ಯಾಸವನ್ನು ಹೇಳಬೇಕು. ನಮ್ಮಲ್ಲಿ ದುರ್ಬಲವಾದ ಶಕ್ತಿ ಸಂಗಾತಿಯಲ್ಲೋ ಸಹೋದ್ಯೋಗಿಯಲ್ಲೋ ಪ್ರಬಲವಾಗಿದ್ದರೆ, ಆ ಬಗೆಯ ಕೆಲಸವನ್ನೆಲ್ಲ ನಾವು ಅವರಿಗೇ ಒಪ್ಪಿಸಿಬಿಟ್ಟಿರುತ್ತೇವೆ. ಅದರಲ್ಲೊಂದು ಸಣ್ಣ ಪಾಲನ್ನು ಹಿಂದಕ್ಕೆ ಪಡೆಯೋಣ: ಸಾಂತ್ವನದ ಪತ್ರವನ್ನು ಯಾವಾಗಲೂ ಅವರೇ ಬರೆಯುತ್ತಿದ್ದರೆ, ಈ ಬಾರಿ ಮೊದಲ ಕರಡನ್ನು ನಾವು ಬರೆದು, ಆಮೇಲೆ ಅವರಿಗೆ ತೋರಿಸೋಣ.