ಭಾಗಿಸದೆ ಗೊತ್ತಾಗಿದ್ದು ಹೇಗೆ?

ನಮಸ್ಕಾರ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಅವರಿಗೆ ಅಲ್ಲಿಯವರೆಗಿನ ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಿತು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆಯಬೇಕು. ಅದರಲ್ಲಿರುವ ಅಂಕಿಗಳೇ 4,10,24,320! ಸುದ್ದಿಯಲ್ಲೆಲ್ಲ ಈ ಉದ್ದದ್ದೇ ಮಾತು. ನನಗೆ ಬೇಸರವಾಗಿದ್ದು ಅಲ್ಲೇ. ಉದ್ದದ ಸಂಖ್ಯೆ ಯಾರು ಬೇಕಾದರೂ ಬರೆಯಬಹುದು. ಒಂದು ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದಲೂ ಅದು ಭಾಗವಾಗುವುದಿಲ್ಲ ಅಂತ ಗೊತ್ತಾಗಿದ್ದು ಹೇಗೆ? ಕೇಳಬೇಕಾದ ಪ್ರಶ್ನೆ ಇದು.

ಒಂದೊಂದರಿಂದಲೇ ಭಾಗಿಸಿ ನೋಡಿದರು ಅಂದುಕೊಂಡಿರಾ? ಇಲ್ಲ. ಫ್ರಾನ್ಸಿನ ಎಡ್ವಾರ್ ಲ್ಯೂಕಾ 1876ರಲ್ಲೇ ಬೇರೆ ದಾರಿ ಹಿಡಿದರು. ಅದನ್ನು ಮುಂದೆ ಡಿ. ಎಚ್. ಲೆಮರ್ ಸರಳ ಮಾಡಿದರು. ಚಿಕ್ಕ ಸಂಖ್ಯೆಯ ಮೇಲೆ ಮಾಡಿಯೇ ತೋರಿಸ್ತೀನಿ, ಪೆನ್ನು ತಗೊಳ್ಳಿ.

31 ತಗೊಳ್ಳೋಣ. ಐದು ಎರಡುಗಳ ಗುಣಲಬ್ಧ 32, ಒಂದು ಕಳೆದರೆ 31. ಈಗ 4ರಿಂದ ಶುರು. ವರ್ಗ ಮಾಡಿ 2 ಕಳೆಯಿರಿ: 14. ಮತ್ತೆ ಹಾಗೇ: 194. ಇದನ್ನು 31ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ: 8. ಎಂಟೆಂಟ್ಲ ಅರವತ್ನಾಲ್ಕು, ಎರಡು ಕಳೆದರೆ 62. ಅದು 31ರ ಎರಡರಷ್ಟು, ಶೇಷ ಸೊನ್ನೆ. ಎರಡುಗಳು ಐದು, ಸುತ್ತು ಅದಕ್ಕಿಂತ ಎರಡು ಕಮ್ಮಿ, ಅಂದರೆ ಮೂರು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಇದು ಅಂದಾಜಲ್ಲ, ಸಾಧಿಸಿದ ಮಾತು. ಆದರೆ ಎರಡುಗಳನ್ನು ಗುಣಿಸಿ ಒಂದು ಕಳೆದ ಈ ಜಾತಿಯ ಸಂಖ್ಯೆಗಳಿಗೆ ಮಾತ್ರ ನಡೆಯುತ್ತೆ. ದಾಖಲೆಯ ಸಂಖ್ಯೆಗಳು ಹೆಚ್ಚಾಗಿ ಇದೇ ಜಾತಿಯವಾಗಿರೋದು ಅದಕ್ಕೇ.

ಲ್ಯೂಕಾ ತಮ್ಮ ವಿಧಾನದಿಂದ, ಕಂಪ್ಯೂಟರೇ ಇಲ್ಲದ ಕಾಲದಲ್ಲಿ, 127 ಎರಡುಗಳ ಸಂಖ್ಯೆ ಅವಿಭಾಜ್ಯ ಅಂತ ತೋರಿಸಿದರು. 39 ಅಂಕಿ! 1951ರವರೆಗೆ ಅದನ್ನು ಮೀರಿಸಿದ್ದು ಸಿಗಲಿಲ್ಲ.

ನನಗೆ ಇನ್ನೂ ಹೆಚ್ಚು ಹಿಡಿಸೋದು 67 ಎರಡುಗಳ ಕಥೆ. ಅದು ಅವಿಭಾಜ್ಯ ಅಂತ 17ನೇ ಶತಮಾನದಲ್ಲಿ ಪಾದ್ರಿ ಮರ್ಸೆನ್ ಪಟ್ಟಿ ಹಾಕಿದ್ದರು. ಅಲ್ಲ ಅಂತ ಲ್ಯೂಕಾ 1876ರಲ್ಲಿ ತೋರಿಸಿದರು. ಹಾಗಾದರೆ ಯಾವುದರಿಂದ ಭಾಗವಾಗುತ್ತೆ? ಅವರಿಗೂ ಗೊತ್ತಿರಲಿಲ್ಲ! 1903ರಲ್ಲಿ ಫ್ರ್ಯಾಂಕ್ ಕೋಲ್ ಉತ್ತರ ಕೊಟ್ಟರು: 19,37,07,721 ಒಂದು ಅಪವರ್ತನ, 7,61,83,82,57,287 ಇನ್ನೊಂದು. ಒಡೆಯುತ್ತೆ ಅಂತ ತಿಳಿದಿದ್ದು ಮೊದಲು, ಎಲ್ಲಿ ಒಡೆಯುತ್ತೆ ಅಂತ ತಿಳಿದಿದ್ದು 27 ವರ್ಷದ ಮೇಲೆ.

ಇಂಥ ಸಂಖ್ಯೆಗಳು ಬ್ಯಾಂಕಿನ ಭದ್ರತೆಗೆ ಬೇಕು ಅಂತ ಕೆಲವರು ಸಮರ್ಥನೆ ಕೊಡ್ತಾರೆ. ಅದು ಸರಿಯಲ್ಲ. ಆ ಕೆಲಸಕ್ಕೆ ಕೆಲವು ನೂರು ಅಂಕಿಯ ಅವಿಭಾಜ್ಯಗಳು ಸಾಕು, ಮತ್ತು ಅವು ಗುಟ್ಟಾಗಿರಬೇಕು. ನಾಲ್ಕು ಕೋಟಿ ಅಂಕಿಯದನ್ನು ಊರಿಗೆಲ್ಲ ಸಾರಿ ಆಗಿದೆ. ಉಪಯೋಗದ ನೆಪ ಯಾಕೆ ಬೇಕು? ಸುಳ್ಳು ಕಾರಣ ಕೊಟ್ಟರೆ ನಿಜವಾದ ಬೆರಗನ್ನು ನಾವೇ ಮುಚ್ಚಿಟ್ಟ ಹಾಗೆ.

ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಇವತ್ತು ಸಂಜೆ ಅವರ ಜೊತೆ ಕೂತು 127 ಮಾಡಿ ನೋಡಿ. ಏಳು ಎರಡುಗಳು, ಐದು ಸುತ್ತು. ಮೂರನೇ ಸುತ್ತಿಗೆ 42 ಬರಬೇಕು, ನಾಲ್ಕನೆಯದಕ್ಕೆ 111. ಐದನೆಯದನ್ನು ಮಕ್ಕಳ ಕೈಲೇ ಮಾಡಿಸಿ.