ಹೊಸದಾಗಿ ಕಟ್ಟಿದ ಎಂಜಿನ್‌ನಲ್ಲಿ ಟಕಟಕ ಸದ್ದು: ಬಿಚ್ಚುವ ಮೊದಲು ಎಣಿಸಿ

ನಮಸ್ಕಾರ. ಬೆಂಗಳೂರಿನ ವಿಲ್ಸನ್ ಗಾರ್ಡನ್‌ನ ಒಂದು ಗ್ಯಾರೇಜಿನಲ್ಲಿ ನಿಂತಿರುವ ಈ ಕಾರಿನದು ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆಯನ್ನು ಕೊರೆದು ಅಗಲ ಮಾಡಿಸಿ), ಜೆ.ಸಿ. ರಸ್ತೆಯಿಂದ ತಂದ ಓವರ್‌ಸೈಜ್ ಪಿಸ್ಟನ್ ಮತ್ತು ಬೇರಿಂಗುಗಳನ್ನು ಹಾಕಿ ಕಟ್ಟಿದ ಈ ಎಂಜಿನ್ ಮೊದಲ ಸಲ ಚಾಲೂ ಆದಾಗ ಕೇಳಿಬಂದದ್ದು ಇದು.

[ಎಂಜಿನ್ ಸದ್ದು, ಹತ್ತು ಸೆಕೆಂಡು]

ಹಳೆಯ ಎಂಜಿನ್ ಸದ್ದು ಮಾಡಿದರೆ ನಾವು ಸವೆತವನ್ನು ಹುಡುಕುತ್ತೇವೆ. ಇಲ್ಲಿ ಸವೆಯುವಷ್ಟು ಕಾಲವೇ ಆಗಿಲ್ಲ. ಹಾಗಾಗಿ ತಪ್ಪು ಅಳತೆಯಲ್ಲಿರಬೇಕು, ಇಲ್ಲವೇ ಜೋಡಣೆಯಲ್ಲಿರಬೇಕು.

ಮೊದಲ ಕೆಲಸ ಆಯಿಲ್ ಪ್ರೆಶರ್ ನೋಡುವುದು. ಡ್ಯಾಶ್‌ಬೋರ್ಡಿನ ಕೆಂಪು ದೀಪ ತೀರಾ ಕಡಿಮೆ ಒತ್ತಡಕ್ಕೇ ಆರಿಬಿಡುವುದರಿಂದ ಅದನ್ನು ನಂಬದೆ, ಆ ದೀಪದ ಸ್ವಿಚ್ಚಿನ ಜಾಗಕ್ಕೆ ಗೇಜ್ ಹಾಕಿ ಅಳೆಯಬೇಕು. ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್ಐ (ಒತ್ತಡದ ಅಳತೆ) ಎಂಬುದು ಮೆಕ್ಯಾನಿಕ್‌ಗಳ ರೂಢಿಯ ಲೆಕ್ಕ. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಎಂಜಿನ್ ಅನ್ನು ಅಲ್ಲಿಗೇ ನಿಲ್ಲಿಸಿ, ದಯವಿಟ್ಟು ಮತ್ತೊಮ್ಮೆ ಚಾಲೂ ಮಾಡಬೇಡಿ.

ಇಲ್ಲಿ ಒತ್ತಡ ಸರಿಯಾಗಿತ್ತು. ಮುಂದಿನದು ಎಣಿಕೆ. 800 ಆರ್‌ಪಿಎಂನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಸೆಕೆಂಡಿಗೆ ಹದಿಮೂರು ಸುತ್ತಿಗೂ ಸ್ವಲ್ಪ ಹೆಚ್ಚು ತಿರುಗುತ್ತದೆ, ಕಿವಿಗೆ ಎಣಿಸಲು ಸಿಗುವುದಿಲ್ಲ. ಆದರೆ ಫೋನಿನಲ್ಲಿ ಮುದ್ರಿಸಿಕೊಂಡು ಕಾಲು ಭಾಗದ ವೇಗದಲ್ಲಿ ಕೇಳಿದರೆ ಹತ್ತು ಸೆಕೆಂಡಿನಲ್ಲಿ ಕ್ರ್ಯಾಂಕಿನ 33 ಸುತ್ತುಗಳೂ, ಅದರ ಅರ್ಧ ವೇಗದಲ್ಲಿ ತಿರುಗಿ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ 16 ಅಥವಾ 17 ಸುತ್ತುಗಳೂ ಇರುತ್ತವೆ. ಬಡಿತ 33ರ ಹತ್ತಿರವಿದ್ದರೆ ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲಿನ ಸಡಿಲ ಬೋಲ್ಟು ಅಥವಾ ಅದಕ್ಕೆ ತಾಗುತ್ತಿರುವ ತಗಡನ್ನು ಮೊದಲು ಅನುಮಾನಿಸಬೇಕು.

[ನಿಧಾನಗೊಳಿಸಿದ ಸದ್ದು, ಪರದೆಯ ಮೇಲೆ ಎಣಿಕೆ: 17]

ಹದಿನೇಳು ಎಂದ ಕೂಡಲೇ ಟ್ಯಾಪೆಟ್ (ಕ್ಯಾಮ್ ಮತ್ತು ವಾಲ್ವಿನ ನಡುವಿನ ಭಾಗ) ಎಂದು ಹೇಳಿಬಿಡುವ ಅಭ್ಯಾಸ ನಮ್ಮಲ್ಲಿದೆ. ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ಹಿಡಿದು ಎಲ್ಲ ಟ್ಯಾಪೆಟ್‌ಗಳನ್ನೂ ಸರಿಪಡಿಸಿದರೂ ಸದ್ದು ಹಾಗೇ ಇತ್ತು. ಪ್ರತಿ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುವುದೂ ಕ್ರ್ಯಾಂಕಿನ ಎರಡು ಸುತ್ತಿಗೊಮ್ಮೆಯೇ ಆದ್ದರಿಂದ, ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿದರೂ ಇಂಥದೇ ಸದ್ದು ಬರುತ್ತದೆ. ಅಲ್ಲಿ ಮಸಿಯ ಗುರುತು ಕಾಣಲಿಲ್ಲ.

ಆಮೇಲೆ ಒಂದೊಂದೇ ಸಿಲಿಂಡರಿನ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ) ಕನೆಕ್ಟರ್ ತೆಗೆದು, ಆ ಸಿಲಿಂಡರ್ ಉರಿಯದಂತೆ ಮಾಡಿ ನೋಡಲಾಯಿತು. ಸ್ಪಾರ್ಕ್ ತಪ್ಪಿಸುವುದಕ್ಕಿಂತ ಇದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಶಾಕ್ ಹೊಡೆಯುವ ಭಯವಿಲ್ಲ, ಉರಿಯದ ಪೆಟ್ರೋಲ್ ಸೈಲೆನ್ಸರಿನ ಕಡೆಗೆ ಹೋಗಿ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುವುದೂ ಇಲ್ಲ. ನಡುವಿನ ಸಿಲಿಂಡರಿನದನ್ನು ತೆಗೆದಾಗ ಬಡಿತ ಬಹುತೇಕ ನಿಂತಿತು. ಟ್ಯಾಪೆಟ್ ಸದ್ದು ಹೀಗೆ ತಗ್ಗುವುದಿಲ್ಲ. ಪಿಸ್ಟನ್ ಅಥವಾ ಅದನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನದು ತಗ್ಗುತ್ತದೆ. ಅವೆರಡನ್ನು ಬೇರ್ಪಡಿಸುವುದು ಬಿಸಿ. ಆಯಿಲ್ ಬಿಸಿಯಾಗಿ ತೆಳುವಾದಂತೆ ರಾಡ್ ಬೇರಿಂಗಿನ ಬಡಿತ ಹೆಚ್ಚುತ್ತದೆ, ಪಿಸ್ಟನ್ ಹಿಗ್ಗಿ ಬೋರಿಗೆ ಹೊಂದಿಕೊಂಡಂತೆ ಪಿಸ್ಟನ್ನಿನ ಬಡಿತ ಕಡಿಮೆಯಾಗುತ್ತದೆ. ಈ ಎಂಜಿನ್ ಮುಂಜಾನೆಯ ಚಳಿಯಲ್ಲಿ ಜೋರಾಗಿ ಬಡಿದು, ಬಿಸಿಯಾದ ಮೇಲೆ ಮೆತ್ತಗಾಗುತ್ತಿತ್ತು.

[ಪ್ಲಗ್ ರಂಧ್ರದೊಳಗಿನ ಕ್ಯಾಮೆರಾ ದೃಶ್ಯ]

ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚದೆಯೇ ಪ್ಲಗ್ಗಿನ ರಂಧ್ರದಿಂದ ಸಣ್ಣ ಕ್ಯಾಮೆರಾ ಇಳಿಸಿದರೆ ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ಕಾಣುತ್ತದೆ. ಅದು ಟೈಮಿಂಗ್ ಬೆಲ್ಟಿನ ಕಡೆಗೆ ಇರಬೇಕಿತ್ತು. ಇಲ್ಲಿ ಫ್ಲೈವೀಲ್ ಕಡೆಗಿದೆ. ಹಲವು ಪೆಟ್ರೋಲ್ ಎಂಜಿನ್‌ಗಳಲ್ಲಿ ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನನ್ನು ನಡುಮಧ್ಯದಿಂದ ಒಂದಿಷ್ಟು ಪಕ್ಕಕ್ಕೆ ಸರಿಸಿರುತ್ತಾರೆ. ಪಿಸ್ಟನ್ ಮೇಲಿನ ತುದಿಯಲ್ಲಿ ಒಂದು ಗೋಡೆಯಿಂದ ಇನ್ನೊಂದಕ್ಕೆ ಮೆಲ್ಲಗೆ ಒರಗಲಿ ಎಂಬುದೇ ಅದರ ಉದ್ದೇಶ. ಹಿಂದುಮುಂದಾಗಿ ಕೂರಿಸಿದಾಗ ಅದು ಒರಗುವ ಬದಲು ಅಪ್ಪಳಿಸುತ್ತದೆ.

ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಮತ್ತು ಹೆಡ್ ಬಿಚ್ಚಿ ನೋಡಿದಾಗ, ರಾಡ್ ಸರಿಯಾದ ದಿಕ್ಕಿನಲ್ಲೇ ಇತ್ತು. ಪಿನ್ ಒತ್ತುವಾಗಲೇ ಪಿಸ್ಟನ್ ತಿರುಗಿಹೋಗಿತ್ತು. ಪಿಸ್ಟನ್ನಿನ ಸ್ಕರ್ಟ್ (ಕೆಳಭಾಗದ ಬದಿ) ಮೇಲೆ ಉಜ್ಜಿದ ಗೀರುಗಳಿಲ್ಲದ್ದರಿಂದ, ಬೋರನ್ನೂ ಬೇರಿಂಗುಗಳನ್ನೂ ಮತ್ತೆ ಅಳೆದು, ಅದೇ ಪಿಸ್ಟನ್ನನ್ನು ಸರಿಯಾಗಿ ಒತ್ತಿಸಿ ಕೂರಿಸಲಾಯಿತು. ಮರುದಿನ ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಮುದ್ರಿಸಿದ್ದು ಇದು.

[ಎಂಜಿನ್ ಸದ್ದು, ಹತ್ತು ಸೆಕೆಂಡು]